ಕಿತ್ತು ಬಂದ ಭುಜಪಟ್ಟಿ, ಇಂಚಿಗೆ 11 ಹೊಲಿಗೆ

ನಮ್ಮ ಬ್ಯಾಗ್ ಕಾರ್ಖಾನೆಯಲ್ಲಿ ಫೈನಲ್ ಇನ್‌ಸ್ಪೆಕ್ಷನ್ ದಿನ ಮಧ್ಯಾಹ್ನ, 10 ಕೆಜಿ ತುಂಬಿ ಜರ್ಕ್ ಟೆಸ್ಟಿಗೆ (ಮತ್ತೆ ಮತ್ತೆ ಜಗ್ಗಿ ನೋಡುವ ಪರೀಕ್ಷೆ) ತೂಗುಹಾಕಿದ್ದ ಬ್ಯಾಗಿನ ಎಡ ಭುಜಪಟ್ಟಿ ಬುಡಸಮೇತ ಕಿತ್ತು ಬಂತು. ಹೆಂಗಸರ ದಿನಬಳಕೆಯ ಬ್ಯಾಕ್‌ಪ್ಯಾಕ್. ಹೊರಗೆ ಪಿಯು (ಪಾಲಿಯುರೆಥೇನ್) ಕೋಟಿಂಗ್ ಇರುವ 300 ಡೆನಿಯರ್ ಆರ್‌ಪೆಟ್, ಅಂದರೆ ಪ್ಲಾಸ್ಟಿಕ್ ಬಾಟಲಿ ರೀಸೈಕಲ್ ಮಾಡಿ ನೇಯ್ದ ಪಾಲಿಯೆಸ್ಟರ್ ಬಟ್ಟೆ. ಡೆನಿಯರ್ ಎಂದರೆ ಎಳೆಯ ದಪ್ಪದ ಅಳತೆ. ಹಗುರವಾಗಿರಲಿ ಎಂದು ಬೈಯರ್ ಕಡೆಯವರೇ 600ರಿಂದ 300ಕ್ಕೆ ಇಳಿಸಿದ್ದರು.

"ರೀಸೈಕಲ್ ಬಟ್ಟೆ ಅಲ್ವಾ, ಅದರ ಬಲ ಇಷ್ಟೇ" ಎಂದರು ಆಫೀಸಿನವರು. ನಾನು ಒಪ್ಪಲಿಲ್ಲ, ಅದು ಸರಿಯೇ. ತಪ್ಪು ಮಾಡಿದ್ದು ಅದರ ಮುಂದಿನ ಮಾತಿನಲ್ಲಿ. ಇಂಚಿಗೆ 7 ಇದ್ದ ಹೊಲಿಗೆಯನ್ನು 11 ಮಾಡಿ, ಪಟ್ಟಿ ಬಿಚ್ಚಿ ಮತ್ತೆ ಹೊಲಿಯಿರಿ ಎಂದೆ. ಲೈನಿನವರು ಸಂಜೆವರೆಗೂ ರೀವರ್ಕ್ ಮಾಡಿದರು. ಮತ್ತೆ ತೂಗುಹಾಕಿದರೆ ಮೂರನೆಯ ಜರ್ಕಿಗೇ ಬಟ್ಟೆ ಸೂಜಿಯ ಗೆರೆ ಹಿಡಿದು, ಹಾಳೆಯಿಂದ ಅಂಚೆಚೀಟಿ ಹರಿದ ಹಾಗೆ, ನೇರವಾಗಿ ಸೀಳಿತು.

ಆಗ ಎರಡೂ ಬ್ಯಾಗನ್ನು ಮೇಜಿನ ಮೇಲಿಟ್ಟು ನೋಡಿದೆ. ಎರಡರಲ್ಲೂ ದಾರ ಹರಿದಿರಲೇ ಇಲ್ಲ. ಮೊದಲನೆಯದರಲ್ಲಿ ಬಟ್ಟೆಯ ಅಂಚಿನ ಎಳೆಗಳು ಬಾಚಣಿಗೆಯ ಹಲ್ಲಿನಂತೆ ಹೊಲಿಗೆಯಿಂದ ಜಾರಿ ಹೊರಬಂದಿದ್ದವು. ಮಧ್ಯಾಹ್ನ ಎರಡು ನಿಮಿಷ ನಿಂತು ನೋಡಿದ್ದರೆ ಇಷ್ಟಾಗುತ್ತಿರಲಿಲ್ಲ. ದಾರ ಹರಿದಿದ್ದರೆ ದಾರ, ಟೆನ್ಶನ್, ಹೊಲಿಗೆಯ ಎಣಿಕೆ ನೋಡಬೇಕು. ದಾರ ಉಳಿದು ಬಟ್ಟೆಯ ಎಳೆ ಜಾರಿದ್ದರೆ ಮಾರ್ಜಿನ್, ಅಂದರೆ ಹೊಲಿಗೆಯಿಂದ ಅಂಚಿನವರೆಗೆ ಬಿಡುವ ಬಟ್ಟೆ, ಸಾಲದು ಎಂದರ್ಥ. ಬೈಯರ್ ಕೊಡುವ ಅಳತೆ-ವಿವರಗಳ ಟೆಕ್ ಪ್ಯಾಕ್‌ನಲ್ಲಿ ಮಾರ್ಜಿನ್ 10 ಮಿಮೀ ಇತ್ತು, 600 ಡೆನಿಯರ್ ಬಟ್ಟೆಗೆ ಬರೆದದ್ದು. ಕೋಟಿಂಗ್ ಬಟ್ಟೆಯಲ್ಲಿ ಒಮ್ಮೆ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ. ಬಿಚ್ಚಿ ಹೊಲಿದ ಜಾಗದಲ್ಲಿ ಹಳೆಯ 7ಕ್ಕೆ ಹೊಸ 11 ಸೇರಿ, ಇಂಚಿಗೆ 18 ತೂತು ಹಾಕಿಸಿದ್ದೆ.

ಈಗ ಹೊಲಿಯುವ ರೀತಿ ಬೇರೆ. ಭುಜದ ಸೀಮ್‌ಗೆ 15 ಮಿಮೀ ಮಾರ್ಜಿನ್. ಪಟ್ಟಿಯ ತುದಿ ಸೀಮ್ ದಾಟಿ ಒಳಗೆ 30 ಮಿಮೀ ಇರಬೇಕು. ಅದರ ಹಿಂದೆ ಬೆನ್ನಿನ ಪ್ಯಾನೆಲ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ 25 ಮಿಮೀ ವೆಬ್ಬಿಂಗ್ (ದಪ್ಪ ನೇಯ್ಗೆಯ ಪಟ್ಟಿ) ಅಡ್ಡ ಇಟ್ಟು ಸೇರಿಸಿ ಹೊಲಿಯುತ್ತೇವೆ, ಭಾರ ಬಟ್ಟೆಗೆ ಬೀಳದೆ ವೆಬ್ಬಿಂಗ್‌ಗೆ ಹೋಗುತ್ತದೆ. ಹೊಲಿಗೆ ಮತ್ತೆ 7. ಬಾಂಡೆಡ್ ನೈಲಾನ್ ದಾರಕ್ಕೆ 18ರ ಸೂಜಿ ತೆಗೆದು ಅದಕ್ಕಿಂತ ಸಣ್ಣ 16 ಹಾಕಿದ್ದೇವೆ, ತೂತು ಚಿಕ್ಕದಾಗಲಿ ಎಂದು. ಬಾರ್‌ಟ್ಯಾಕ್ (ಒಂದೇ ಜಾಗದಲ್ಲಿ ಒತ್ತಾಗಿ ಹಾಕುವ ಗಟ್ಟಿ ಹೊಲಿಗೆ) ವೆಬ್ಬಿಂಗ್ ಸಿಗುವ ಕಡೆ ಮಾತ್ರ, ಬರಿ ಬಟ್ಟೆಯ ಮೇಲೆ ಬೇಡ.

ಕಟ್ ಆದ ಪ್ಯಾನೆಲ್‌ಗೆ ಮಾರ್ಜಿನ್ ಎಲ್ಲಿಂದ ತರುವುದು? ಹೊಸದಾಗಿ ಕಟ್ ಮಾಡಬೇಕಾಯಿತು. ರೀಸೈಕಲ್ ಬಟ್ಟೆ ನಿಜವಾಗಿ ಕಾಡಿದ್ದು ಇಲ್ಲಿ. ಬಾಟಲಿ ಚೂರಿನ ಬಣ್ಣ ಒಂದೇ ಸಮ ಇರುವುದಿಲ್ಲ, ತಿಳಿ ಬಣ್ಣ ಹಾಕಿದರೆ ಒಂದು ಸಲ ತಯಾರಾದ ಲಾಟಿನಿಂದ ಇನ್ನೊಂದು ಲಾಟಿಗೆ ಛಾಯೆ ಬದಲಾಗುತ್ತದೆ. ನಮ್ಮದು ತಿಳಿ ಗುಲಾಬಿ. ಪೇಟೆಯಲ್ಲಿ ಸಿಕ್ಕ ಅದೇ ಬಣ್ಣದ ರೋಲ್ ತರೋಣ ಎಂದರು ಪರ್ಚೇಸ್‌ನವರು. ಟಿಸಿ (ಬಟ್ಟೆ ರೀಸೈಕಲ್ ಮಾಡಿದ್ದೇ ಎಂದು ತೋರಿಸುವ ವಹಿವಾಟಿನ ಪ್ರಮಾಣಪತ್ರ) ಇಲ್ಲದ ರೋಲ್ ಸೇರಿಸಿ ಜಿಆರ್‌ಎಸ್ (ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್) ಲೋಗೋ ಟ್ಯಾಗ್ ತೂಗುಹಾಕಿದರೆ ಅದು ಸುಳ್ಳು. ಕೊಳ್ಳುವವಳು ಆ ಟ್ಯಾಗ್ ನಂಬಿಯೇ ದುಡ್ಡು ಕೊಡುತ್ತಾಳೆ. ಗಿರಣಿಯಿಂದ ಹೊಸ ಲಾಟ್ ಬರುವವರೆಗೆ ಕಾದು, ಬೆನ್ನಿನ ಪ್ಯಾನೆಲ್‌ಗಳನ್ನೆಲ್ಲ ಅದರಲ್ಲೇ ಕಟ್ ಮಾಡಿದೆವು. ಬೆನ್ನಿನ ಭಾಗ ಮೆಶ್ (ಜಾಲರಿ ಬಟ್ಟೆ) ಕೆಳಗೆ ಹೋಗುವುದರಿಂದ ಷೇಡಿನ ವ್ಯತ್ಯಾಸ ಕಾಣಲಿಲ್ಲ. ಡಿಸ್ಪ್ಯಾಚ್ ತಡವಾಯಿತು.

ಟೆಕ್ ಪ್ಯಾಕ್‌ನಲ್ಲಿ ಇವತ್ತಿಗೂ 10 ಮಿಮೀ ಎಂದೇ ಇದೆ, ಎರಡು ಸಲ ಕೇಳಿದರೂ ತಿದ್ದಿಲ್ಲ. ಕಟಿಂಗ್ ಟೇಬಲ್ ಮೇಲೆ "ಭುಜ: 15" ಎಂದು ಬರೆದು ಅಂಟಿಸಿದ್ದೇನೆ.