59:23 ಅಲ್ಲ, 1:00:09

28 ಏಪ್ರಿಲ್ 2024, ಭಾನುವಾರ
ಜಯನಗರ, ಬೆಂಗಳೂರು. ಸಂಜೆ ಆರೂವರೆ.

ಒಂದು ಗಂಟೆ ಒಂಬತ್ತು ಸೆಕೆಂಡು.

ಇವತ್ತು ಬೆಳಿಗ್ಗೆ ಟಿಸಿಎಸ್ ವರ್ಲ್ಡ್ 10ಕೆ ಓಟದಲ್ಲಿ ನನ್ನ ಸಮಯ ಇದು. ಹೋದ ವರ್ಷ ಮೇ 21ರಂದು ಇದೇ ಓಟಕ್ಕೆ 1:01:37 ಹಿಡಿದಿತ್ತು. ಅದಕ್ಕಿಂತ 88 ಸೆಕೆಂಡು ಕಮ್ಮಿ. ನನಗೀಗ 43 ವರ್ಷ. ಓಡೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಹತ್ತು ಕಿಲೋಮೀಟರನ್ನು ಇಷ್ಟು ಬೇಗ ಯಾವತ್ತೂ ಮುಗಿಸಿರಲಿಲ್ಲ. ತುಂಬಾ ಖುಷಿಯಾಗಿದೆ. ಒಳಗೊಳಗೇ ಸ್ವಲ್ಪ ಬೇಜಾರೂ ಇದೆ. ಜನವರಿಯಿಂದ ನಾನು ಕಷ್ಟಪಟ್ಟಿದ್ದು ಒಂದು ಗಂಟೆಯ ಒಳಗೆ ಬರಬೇಕು ಅಂತ.

ಮಧ್ಯಾಹ್ನ ಊಟ ಮಾಡ್ತಾ ಮಗಳು ನನ್ನ ವಾಚ್ ತೆಗೆದುಕೊಂಡು ಒಂದೊಂದೇ ಗುಂಡಿ ಒತ್ತಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ, "ಅಮ್ಮಾ! ಇದರಲ್ಲಿ ಹತ್ತು ಕಿಲೋಮೀಟರಿಗೆ 59:23 ಅಂತಿದೆ! ಆಯ್ತಲ್ಲಾ ಮತ್ತೆ! ಇದನ್ನೇ ಎಲ್ಲರಿಗೂ ಹೇಳು" ಅಂದಳು.

ನಾನು ಬೇಡ ಅಂದೆ. ಯಾಕೆ ಬೇಡ ಅಂತ ಅವಳು ಕೇಳಿದಳು. ಅನ್ನ ಕಲಸಿಕೊಂಡೇ ಅರ್ಧ ಗಂಟೆ ಮಾತಾಡಿದೆವು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಶುಕ್ರವಾರದ ಮಾತು. 26ನೇ ತಾರೀಖು ಬೆಂಗಳೂರಿನಲ್ಲಿ ಲೋಕಸಭೆ ಚುನಾವಣೆ. ಮೇಷ್ಟ್ರ ಕೆಲಸದಲ್ಲಿ ಇರೋರಿಗೆ ಡ್ಯೂಟಿ ತಪ್ಪೋದಿಲ್ಲ, ನನಗೂ ಬಂದಿತ್ತು. ಗುರುವಾರ ಮಸ್ಟರಿಂಗ್ ಸೆಂಟರ್‌ನಲ್ಲಿ ಬಿಸಿಲಲ್ಲಿ ಸಾಲು ನಿಂತು ಮೆಷಿನ್ ತೆಗೆದುಕೊಂಡೆವು. ಶುಕ್ರವಾರ ಬೆಳಿಗ್ಗೆ ಐದೂವರೆಗೆ ಅಣಕು ಮತದಾನ, ಏಳರಿಂದ ಸಂಜೆ ಆರರವರೆಗೆ ಮತದಾನ. ಓಟಕ್ಕೆ ಎರಡು ದಿನ ಇರುವಾಗ ಚೆನ್ನಾಗಿ ನಿದ್ದೆ ಮಾಡಿ, ಕಾಲಿಗೆ ವಿಶ್ರಾಂತಿ ಕೊಡಬೇಕು ಅಂತಾರೆ. ನಾನು ಎರಡು ರಾತ್ರಿ ಸೇರಿಸಿ ಏಳು ಗಂಟೆ ಮಲಗಿರಬಹುದು. ಪಾದ ಊದಿಕೊಂಡು ಚಪ್ಪಲಿ ಪಟ್ಟಿ ಬಿಗಿಯಾಗಿತ್ತು.

ನನ್ನದು ಎರಡನೇ ಮತಗಟ್ಟೆ ಅಧಿಕಾರಿಯ ಕೆಲಸ. 17ಎ ಅನ್ನೋ ಮತದಾರರ ರಿಜಿಸ್ಟರ್‌ನಲ್ಲಿ ಕ್ರಮಸಂಖ್ಯೆ ಬರೆದು, ಸಹಿ ಹಾಕಿಸಿ, ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ಚೀಟಿ ಕೊಟ್ಟು ಮುಂದಕ್ಕೆ ಕಳಿಸಬೇಕು. ಆ ಶಾಯಿ ನನ್ನ ತವರೂರಿನದು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1937ರಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆಯಲ್ಲೇ ಈಗಲೂ ತಯಾರಾಗುತ್ತದೆ. ಹಚ್ಚುವಾಗ ನೇರಳೆ ಬಣ್ಣ, ಒಣಗಿದ ಮೇಲೆ ಕಂದುಗಪ್ಪು. ಸಂಜೆ ಹೊತ್ತಿಗೆ ನನ್ನ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಕಪ್ಪಾಗಿದ್ದವು. ನಿಂಬೆಹಣ್ಣು ಉಜ್ಜಿದರೂ ಹೋಗಲಿಲ್ಲ.

ಆರು ಗಂಟೆಗೆ ಮೆಷಿನ್ ಕ್ಲೋಸ್ ಮಾಡಿ ಟೋಟಲ್ ಒತ್ತಿದೆವು. 612. ನನ್ನ ರಿಜಿಸ್ಟರ್‌ನಲ್ಲಿ ಕೊನೆಯ ಸಂಖ್ಯೆ 613. ಎಲ್ಲರ ಮುಖವೂ ಬಿಳಿಚಿಕೊಂಡಿತು. ಪಾರ್ಟಿಗಳ ಏಜೆಂಟರು ಎದುರಿಗೇ ಕೂತಿದ್ದಾರೆ. ಪಿಆರ್‌ಒ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ ಮೇಡಂ, ಏನೂ ಬೈಯಲಿಲ್ಲ. "ಮೊದಲಿಂದ ನೋಡಿ, ಒಂದೊಂದೇ ಸಾಲು" ಅಂದರು ಅಷ್ಟೇ. ಪುಟ ತಿರುಗಿಸುತ್ತಾ ಹೋದೆ. ಸಿಕ್ಕಿತು. ಮಧ್ಯಾಹ್ನದ ಒಂದು ಪುಟದಲ್ಲಿ 418 ಆದ ಮೇಲೆ ನಾನು 420 ಬರೆದಿದ್ದೆ. ತಪ್ಪು ನನ್ನದೇ. ಏಜೆಂಟರಿಗೆ ತೋರಿಸಿ, ಷರಾ ಬರೆದು, ಎಲ್ಲರೂ ಒಪ್ಪಿದ ಮೇಲೆಯೇ ಮೆಷಿನ್‌ಗೆ ಸೀಲ್ ಬಿದ್ದಿದ್ದು. ಒಂದು ಸಂಖ್ಯೆಗೆ ನಲವತ್ತು ನಿಮಿಷ ಹೋಯಿತು. ಅಷ್ಟು ಹೊತ್ತು ಮನೆಗೆ ಹೋಗೋಣ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ಇನ್ನೊಂದು ಫೆಬ್ರವರಿಯ ಮಾತು. ನಮ್ಮ ಶಾಲೆ ಹತ್ತಿರದ ಪಾರ್ಕಿನಲ್ಲಿ ಒಂದು ಸುತ್ತು 400 ಮೀಟರ್ ಅಂತ ನಾನು ನಂಬಿದ್ದೆ. ವಾಚ್ ಹಾಗೇ ಹೇಳುತ್ತಿತ್ತು. ವಾರಕ್ಕೊಂದು ದಿನ ಎಂಟು ಸುತ್ತು ಜೋರಾಗಿ ಓಡೋದು, ಪ್ರತಿ ಸುತ್ತಿನ ನಡುವೆ ಒಂದೂವರೆ ನಿಮಿಷ ನಡೆಯೋದು. ಸುತ್ತಿಗೆ 2:10 ಬರುತ್ತಿತ್ತು. ಒಂದು ಗಂಟೆಯೊಳಗೆ ಹತ್ತು ಕಿಲೋಮೀಟರ್ ಅಂದರೆ 400 ಮೀಟರಿಗೆ 2:24 ಸಾಕು. ಹಾಗಾಗಿ ಆಗಿಯೇ ಹೋಯಿತು ಅಂದುಕೊಂಡಿದ್ದೆ.

ನಮ್ಮ ಪಿ.ಟಿ. ಸರ್ ಒಂದು ದಿನ ನೋಡಲು ಬಂದರು. ಒಂದು ಸುತ್ತು ನಡೆದವರೇ, "ಮೇಡಂ, ಇದು ನಾನೂರು ಇಲ್ಲ ಅನ್ಸುತ್ತೆ" ಅಂದರು. ಮಾರನೇ ದಿನ ಕ್ರೀಡಾಕೂಟದ ಐವತ್ತು ಮೀಟರ್ ಟೇಪ್ ತಂದರು. ಏಳನೇ ಕ್ಲಾಸಿನ ಇಬ್ಬರು ಹುಡುಗಿಯರು ಆ ತುದಿ ಈ ತುದಿ ಹಿಡಿದರು. ತಿರುವಿನಲ್ಲಿ ಟೇಪ್ ಜಗ್ಗದ ಹಾಗೆ ಸರ್ ಬಗ್ಗಿ ಬಗ್ಗಿ ಬಳಪದಲ್ಲಿ ಗುರುತು ಹಾಕುತ್ತಾ ಹೋದರು. ಬಂದಿದ್ದು 386 ಮೀಟರ್. ಎರಡು ಸಲ ಅಳೆದರು. ಎರಡು ಸಲವೂ ಅಷ್ಟೇ.

ಅವತ್ತು ನನಗೆ ಅಳು ಬಂದಿತ್ತು. ಸುಮ್ನೆ ಹೇಳ್ತಿಲ್ಲ, ನಿಜವಾಗಿಯೂ. ಎರಡು ತಿಂಗಳ ಬೆವರು, ನೋಟ್‌ಬುಕ್ಕಿನ ತುಂಬಾ 2:10, 2:09, 2:11. ಅಷ್ಟೂ ಹದಿನಾಲ್ಕು ಮೀಟರ್ ಕಮ್ಮಿಯ ಸುತ್ತಿನವು.

ಸರ್ ಆಟದ ಮೈದಾನದಲ್ಲಿ ಸುಣ್ಣದ ಪುಡಿ ಹಾಕಿ 200 ಮೀಟರ್ ಟ್ರ್ಯಾಕ್ ಮಾಡಿಕೊಟ್ಟರು. ಮಾರ್ಚ್ ಪೂರ್ತಿ ಅಲ್ಲೇ ಓಡಿದೆ. ಮೊದಲ ದಿನ ಎರಡು ಸುತ್ತಿಗೆ 2:19. ಟೇಪ್ ಹಿಡಿದಿದ್ದ ಹುಡುಗಿಯೇ ಸ್ಟಾಪ್‌ವಾಚ್ ಹಿಡಿದು, "ಮಿಸ್, ಎರಡು ಹತ್ತೊಂಬತ್ತು!" ಅಂತ ಮೈದಾನಕ್ಕೆಲ್ಲ ಕೇಳೋ ಹಾಗೆ ಕೂಗುತ್ತಿದ್ದಳು. ತಿಂಗಳ ಕೊನೆಗೆ 2:13ಕ್ಕೆ ಬಂದೆ. ಅದು ನಿಜವಾದ 400 ಮೀಟರಿನ 2:13. ಭಾನುವಾರ ಲಾಲ್‌ಬಾಗಿನಲ್ಲಿ ಹನ್ನೆರಡು ಕಿಲೋಮೀಟರ್ ನಿಧಾನ ಓಟ. ಮಿಕ್ಕ ದಿನ ಅಡುಗೆ ಮುಗಿಸಿ ಎಷ್ಟಾಗುತ್ತೋ ಅಷ್ಟು.

ಇನ್ನು ಇವತ್ತಿನದು.

ನಾಲ್ಕು ಗಂಟೆಗೇ ಇವರು ಸ್ಕೂಟರಿನಲ್ಲಿ ಬಿಟ್ಟರು. ಮಾಣೆಕ್ ಷಾ ಪರೇಡ್ ಮೈದಾನದ ಕಡೆ ಕತ್ತಲಲ್ಲೇ ಜನ ಸಾಲುಸಾಲಾಗಿ ನಡೆಯುತ್ತಿದ್ದರು. ಆ ಹೊತ್ತಿಗೇ ಸೆಕೆ. ನಮ್ಮ ಕಡೆ ಈ ಏಪ್ರಿಲ್‌ನಲ್ಲಿ ಒಂದು ಹನಿ ಮಳೆ ಬಿದ್ದಿಲ್ಲ. ನಿಂತಲ್ಲೇ ಬೆನ್ನು ಒದ್ದೆ. ಸುತ್ತ ನೋಡಿದರೆ ಎಲ್ಲರ ಎಡಗೈ ತೋರುಬೆರಳಿನಲ್ಲೂ ಅದೇ ಶಾಯಿ ಗೆರೆ. ಇದು ನನಗೆ ಎಷ್ಟು ಇಷ್ಟವಾಯಿತು ಅಂದರೆ, ಸ್ವಲ್ಪ ಹೊತ್ತು ಭಯವೇ ಮರೆತುಹೋಯಿತು.

ಬಂದೂಕು ಹಾರಿದ ಮೇಲೆ ನಾನು ಸ್ಟಾರ್ಟ್ ಗೆರೆ ಮುಟ್ಟೋಕೆ ನಾಲ್ಕು ನಿಮಿಷದ ಮೇಲಾಯಿತು. ಅದಕ್ಕೆ ತೊಂದರೆ ಇಲ್ಲ. ಎದೆಗೆ ಹಾಕಿಕೊಳ್ಳೋ ನಂಬರ್ ಚೀಟಿ, ಅಂದರೆ ಬಿಬ್, ಅದರ ಹಿಂದಿನ ಚಿಪ್ ಗೆರೆಯ ಮ್ಯಾಟ್ ದಾಟಿದಾಗಿನಿಂದಲೇ ನಮ್ಮ ಲೆಕ್ಕ. ತೊಂದರೆ ಆಗಿದ್ದು ಮೊದಲ ಎರಡು ಕಿಲೋಮೀಟರಿನಲ್ಲಿ. ಮುಂದೆ ಸೆಲ್ಫಿ ತೆಗೆಯುವವರು, ಕೈಕೈ ಹಿಡಿದು ನಡೆಯುವವರು. ಅವರ ಹಬ್ಬ ಅವರದು, ತಪ್ಪೇನಿಲ್ಲ. ನಾನು ಎಡಕ್ಕೆ ನುಗ್ಗಿ, ಬಲಕ್ಕೆ ಸರಿದು, ಮತ್ತೆ ಎಡಕ್ಕೆ ಬಂದು ಹಾವಿನ ಹಾಗೆ ಓಡಿದೆ. ಮೊದಲ ಕಿಲೋಮೀಟರ್ 6:11.

ಆಮೇಲೆ ಜಾಗ ಸಿಕ್ಕಿತು. 5:58, 5:55, 5:57, 5:58. ಉಸಿರು ಹದವಾಗಿತ್ತು. ಮೂರು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಐದು ಕಿಲೋಮೀಟರ್ ಬೋರ್ಡ್ ದಾಟಿದಾಗ 29:59. ಅಂದುಕೊಂಡಿದ್ದಕ್ಕಿಂತ ಒಂದೇ ಒಂದು ಸೆಕೆಂಡು ಮುಂದೆ!

ಹಲಸೂರು ಕೆರೆ ಕಡೆ ಇಳಿಜಾರು. ಇಳಿದಿದ್ದನ್ನು ಮತ್ತೆ ಹತ್ತಲೇಬೇಕಲ್ಲ. ಪರೇಡ್ ಮೈದಾನದ ಕಡೆಗೆ ವಾಪಸ್ ಬರೋ ರಸ್ತೆ ಕಣ್ಣಿಗೆ ಸಪಾಟಾಗಿ ಕಾಣುತ್ತದೆ, ಏರು ಅಂತ ಗೊತ್ತಾಗೋದು ಕಾಲಿಗೆ ಮಾತ್ರ. ಏಳನೇ ಕಿಲೋಮೀಟರಿನಲ್ಲಿ ಮೀನಖಂಡ ಕಲ್ಲಾಯಿತು. ಎರಡು ಲೋಟ ನೀರು ತೆಗೆದುಕೊಂಡು ಒಂದನ್ನು ತಲೆಗೆ ಸುರಿದುಕೊಂಡೆ. ಬೀದಿಯಲ್ಲಿ ಬೋರ್‌ವೆಲ್ ಬತ್ತಿರುವಾಗ ಹೀಗೆ ನೀರು ಚೆಲ್ಲೋಕೆ ಮನಸ್ಸು ಹಿಂಜರಿಯಿತು, ಆದರೂ ಸುರಿದುಕೊಂಡೆ. 6:04, 6:09, 6:08. ಸೆಕೆಂಡುಗಳು ಜಾರುತ್ತಿರೋದು ಗೊತ್ತಾಗುತ್ತಿತ್ತು, ಹಿಡಿದುಕೊಳ್ಳೋಕೆ ಆಗುತ್ತಿರಲಿಲ್ಲ.

ಅಲ್ಲಿ ನನ್ನನ್ನು ಎಳೆದುಕೊಂಡು ಹೋದವರು ಗುಲಾಬಿ ಟೋಪಿಯ ಒಬ್ಬರು ಹೆಂಗಸು. ಹೆಸರು ಗೊತ್ತಿಲ್ಲ. ಎರಡು ಮಾರು ಮುಂದೆ, ಒಂದೇ ಸಮನಾದ ಹೆಜ್ಜೆ. ಅವರ ಜಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯುತ್ತಿತ್ತು. ಅದನ್ನೊಂದೇ ನೋಡಿಕೊಂಡು ಓಡಿದೆ. ಒಂಬತ್ತನೆಯ ಬೋರ್ಡಿಗೆ 54:24. ಕೊನೆಯ ಕಿಲೋಮೀಟರನ್ನು 5:35ರಲ್ಲಿ ಓಡಬೇಕು. ಆಗಲ್ಲ ಅಂತ ಅರ್ಧ ಮನಸ್ಸು ಹೇಳಿತು. ಇನ್ನರ್ಧ ಮನಸ್ಸಿಗೆ ಆ ಹುಡುಗಿ ಮೈದಾನದಲ್ಲಿ ಕೂಗಿದ್ದು ಕೇಳಿಸುತ್ತಿತ್ತು. ಜಡೆ ದಾಟಿ ಮುಂದೆ ಹೋದೆ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದೆ. ಆ ಕಿಲೋಮೀಟರ್ 5:45. ಇಡೀ ಓಟದಲ್ಲೇ ವೇಗದ್ದು.

ವಾಚ್ "ಹತ್ತು" ಅಂತ ಕಿರುಗುಟ್ಟಿದಾಗ ಗೆರೆ ಇನ್ನೂ ಎದುರಿಗೆ ಕಾಣುತ್ತಿತ್ತು. ಗೆರೆ ದಾಟಿ ನಿಲ್ಲಿಸಿದಾಗ ಅದು ತೋರಿಸಿದ್ದು 10.13 ಕಿಲೋಮೀಟರ್.

ಮಂಡಿ ಮೇಲೆ ಕೈ ಊರಿ ನಿಂತಿದ್ದೆ. ಗುಲಾಬಿ ಟೋಪಿಯವರು ಹತ್ತಿರ ಬಂದು ಕೈ ಹಿಡಿದರು. ನನ್ನ ಬಲಗೈ ಬೆರಳು ನೋಡಿ, "ಅಯ್ಯೋ, ಎಲೆಕ್ಷನ್ ಡ್ಯೂಟಿ ಹಾಕಿದ್ರಾ ನಿಮಗೆ? ಡ್ಯೂಟಿ ಮುಗಿಸಿ ಬಂದು ಓಡಿದ್ರಾ?" ಅಂದರು. ಹೂಂ ಅಂದೆ. ಅವರು ನನ್ನ ಕೈಯನ್ನು ಬಿಡಲೇ ಇಲ್ಲ, ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು.

ಆ 130 ಮೀಟರ್ ಜಾಸ್ತಿ ಎಲ್ಲಿಂದ ಬಂತು ಅಂತ ಮಗಳು ಕೇಳಿದಳು. ಸ್ವಲ್ಪ ನಾನು ಹಾವಿನ ಹಾಗೆ ಓಡಿದ್ದರಿಂದ. ಸ್ವಲ್ಪ ತಿರುವುಗಳಲ್ಲಿ ಹೊರಗಿನಿಂದ ಸುತ್ತಿದ್ದರಿಂದ. ಸ್ವಲ್ಪ ವಾಚಿನದೇ ತಪ್ಪು, ಮರ, ದೊಡ್ಡ ಕಟ್ಟಡಗಳ ನಡುವೆ ಅದರ ಜಿಪಿಎಸ್ ಆಚೀಚೆ ಹಾರುತ್ತದೆ. ನಮ್ಮ ಪಾರ್ಕನ್ನು 400 ಅಂದಿದ್ದೂ ಇದೇ ವಾಚ್ ತಾನೆ.

ದಾಖಲೆಗೆ ಮಾನ್ಯವಾಗುವ ಓಟಗಳ ರಸ್ತೆಯನ್ನು ಸೈಕಲ್‌ನಲ್ಲಿ ಅಳೆಯುತ್ತಾರೆ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅಂತ ಒಂದು ಪುಟ್ಟ ಎಣಿಕೆ ಯಂತ್ರ ಕಟ್ಟಿರುತ್ತಾರೆ. ಮೊದಲು ಉಕ್ಕಿನ ಟೇಪಿನಲ್ಲಿ ಅಳೆದ ನೇರ ರಸ್ತೆಯ ಮೇಲೆ ಸೈಕಲ್ ಹೊಡೆದು, ಇಷ್ಟು ದೂರಕ್ಕೆ ಇಷ್ಟು ಎಣಿಕೆ ಅಂತ ಗೊತ್ತು ಮಾಡಿಕೊಳ್ಳುತ್ತಾರೆ. ಆಮೇಲೆ ಓಟದ ದಾರಿಯನ್ನು, ಒಬ್ಬ ಓಟಗಾರ ಓಡಬಹುದಾದ ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಮಾತ್ರ ಬಿಡುತ್ತಾರೆ. ಎಲ್ಲಾದರೂ ಕಮ್ಮಿಯಾದೀತು ಅಂತ ಕಿಲೋಮೀಟರಿಗೆ ಒಂದು ಮೀಟರಿನಂತೆ ಹತ್ತು ಮೀಟರ್ ಸೇರಿಸಿಯೇ ಗೆರೆ ಎಳೆಯುತ್ತಾರೆ. ನಮ್ಮ ಪಿ.ಟಿ. ಸರ್ ಬಗ್ಗಿ ಬಗ್ಗಿ ಬಳಪ ಎಳೆದ ಹಾಗೇ. ಅದಕ್ಕೇ ಆ ಗೆರೆಯೇ ಲೆಕ್ಕ, ವಾಚಿನ ಹತ್ತು ಅಲ್ಲ.

"ಇಷ್ಟೊಂದು ಯಾರಮ್ಮಾ ನೋಡ್ತಾರೆ?" ಅಂದಳು.

ಅವಳಿಗೆ ಕೆನ್ಯಾದ ಆಗ್ನೆಸ್ ಎನ್ಗೆಟಿಚ್ ಕಥೆ ಹೇಳಿದೆ. 2023ರ ಸೆಪ್ಟೆಂಬರಿನಲ್ಲಿ ರೊಮೇನಿಯಾದ ಬ್ರಾಶೋವ್‌ನಲ್ಲಿ ಆಕೆ 10 ಕಿಲೋಮೀಟರನ್ನು 29:24ರಲ್ಲಿ ಓಡಿದಳು. ಹೆಂಗಸರೇ ಓಡುವ ಓಟದಲ್ಲಿ ವಿಶ್ವದಾಖಲೆ. ಆಮೇಲೆ ಆ ದಾರಿಯನ್ನು ಮತ್ತೆ ಅಳೆದರು. 25 ಮೀಟರ್ ಕಮ್ಮಿ ಇತ್ತು. ಆಕೆಯ ವೇಗಕ್ಕೆ 25 ಮೀಟರ್ ಅಂದರೆ ನಾಲ್ಕೂವರೆ ಸೆಕೆಂಡು ಅಷ್ಟೇ. ಆದರೂ ದಾಖಲೆ ಹೋಯಿತು. ಓಡಿದವಳದು ಏನೂ ತಪ್ಪಿರಲಿಲ್ಲ. ನಾಲ್ಕು ತಿಂಗಳಿಗೆ, ಈ ಜನವರಿಯಲ್ಲಿ, ಸ್ಪೇನಿನ ವೆಲೆನ್ಸಿಯಾದಲ್ಲಿ ಆಕೆ ಓಡಿದ್ದು 28:46. ಹತ್ತು ಕಿಲೋಮೀಟರನ್ನು 29 ನಿಮಿಷದೊಳಗೆ ಮುಗಿಸಿದ ಮೊದಲ ಹೆಂಗಸು. ಇದನ್ನು ಹೇಳುವಾಗೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಮಗಳು ವಾಚ್ ಕೆಳಗಿಟ್ಟು, "ಹಾಗಾದ್ರೆ ಒಂಬತ್ತು ಸೆಕೆಂಡು ಬಾಕಿ ಇದೆ" ಅಂದಳು.

ಹೌದು, ಬಾಕಿ ಇದೆ. ಇವತ್ತಿನ ಸಮಯ ಕೊಟ್ಟರೆ ಮುಂದಿನ ವರ್ಷ ಇನ್ನೂ ಮುಂದಿನ ಸಾಲಿನಲ್ಲಿ ನಿಲ್ಲೋ ಅವಕಾಶ ಸಿಗಬಹುದು. ನುಗ್ಗಾಟ ಅಷ್ಟು ಕಮ್ಮಿಯಾಗುತ್ತದೆ. ತಿರುವಿನಲ್ಲಿ ಅಂಚು ಹಿಡಿದು ಓಡೋದನ್ನು ಕಲಿಯಬೇಕು, ಅದನ್ನು ನಾನು ಇದುವರೆಗೆ ಅಭ್ಯಾಸವೇ ಮಾಡಿಲ್ಲ.

ಪಿ.ಟಿ. ಸರ್‌ಗೆ ಫೋನ್ ಮಾಡಿ 1:00:09 ಅಂದೆ. "ಚಿಪ್‌ನದಾ ಮೇಡಂ, ವಾಚಿನದಾ?" ಅಂತ ಮೊದಲು ಕೇಳಿದರು. ಚಿಪ್‌ನದು ಅಂದ ಮೇಲೆ, "ಭೇಷ್!" ಅಂದರು. ಆ ಹುಡುಗಿಗೆ ಅವರೇ ಹೇಳುತ್ತಾರಂತೆ. ಅವಳು ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿದ್ದಾಳೆ.

ನೋಟ್‌ಬುಕ್ಕಿನಲ್ಲಿ ಬರೆದೆ: 28-4-24, 10 ಕಿ.ಮೀ., 1:00:09. ಫೆಬ್ರವರಿಯ 2:10ಗಳ ಪಕ್ಕದಲ್ಲಿ "386 ಮೀ." ಅಂತ ಆಗಲೇ ಬರೆದಿದ್ದೆ. ಹರಿದು ಹಾಕಿಲ್ಲ.

ಕೆಳಗೆ ಟ್ಯಾಂಕರ್ ಹಾರ್ನ್ ಹೊಡೆಯುತ್ತಿದೆ. ಇವತ್ತು ಬರಲ್ಲ ಅಂದಿದ್ದ, ಬಂದಿದ್ದಾನೆ. ಸಂಪಿನ ಮುಚ್ಚಳ ತೆಗೆಯಬೇಕು. ಎರಡು ಮಹಡಿ ಮೆಟ್ಟಿಲು ಇಳಿಯೋಕೆ ತೊಡೆ ಒಪ್ಪುತ್ತಿಲ್ಲ, ಗೋಡೆ ಹಿಡಿದುಕೊಂಡು ಹೋಗ್ತೀನಿ.