ಗಿರಣಿ ಅಂಕಲ್ ರಾವಣ ಆದ ರಾತ್ರಿ

ಬಾಲಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಬೀಚ್ ಹೇಗಿತ್ತು ಅಂತಲೇ ಕೇಳುತ್ತಾರೆ. ಬೀಚ್ ಚೆನ್ನಾಗಿತ್ತು, ಅದಿರಲಿ. ನನಗೆ ಹೇಳಬೇಕು ಅನ್ನಿಸುವುದು ಉಲುವಾಟು ದೇವಸ್ಥಾನದ ಪಕ್ಕ ನೋಡಿದ ನಾಟಕದ ಬಗ್ಗೆ. ಕೆಳಗೆ ಸಮುದ್ರ, ಮೇಲೆ ಬಂಡೆಯ ತುದಿಯಲ್ಲಿ ಬಯಲು ರಂಗಮಂದಿರ. ಅಲ್ಲಿನ ಕೋತಿಗಳು ಕನ್ನಡಕ ಕಿತ್ತುಕೊಂಡು ಓಡುತ್ತವೆ ಅಂತ ಮೊದಲೇ ಹೇಳಿದ್ದರು. ಹಾಗಾಗಿ ನಮ್ಮತ್ತೆ ಕನ್ನಡಕವನ್ನು ಬ್ಯಾಗಿಗೆ ಹಾಕಿಕೊಂಡು, ಇಡೀ ನಾಟಕವನ್ನು ಮಸುಕಾಗಿಯೇ ನೋಡಿ ಬಂದರು.

ಅದಕ್ಕೆ ಕೆಚಕ್ ಅಂತಾರೆ. ಕಥೆ ರಾಮಾಯಣ, ಚಿನ್ನದ ಜಿಂಕೆಯಿಂದ ಹಿಡಿದು ಹನುಮಂತನ ಬೆಂಕಿಯವರೆಗೆ. ವಾದ್ಯ ಒಂದೂ ಇಲ್ಲ. ಸೊಂಟಕ್ಕೆ ಕಪ್ಪು ಬಿಳಿ ಚೌಕುಳಿ ಬಟ್ಟೆ ಸುತ್ತಿಕೊಂಡ ಹತ್ತಾರು ಗಂಡಸರು ಸುತ್ತ ಕೂತು ಬಾಯಲ್ಲೇ ‘ಚಕ್ ಚಕ್ ಚಕ್’ ಅನ್ನುತ್ತಾರೆ. ಒಬ್ಬ ತಾಳ ಬಿಡದೆ ಹಿಡಿದಿರುತ್ತಾನೆ, ಉಳಿದವರು ಅದರ ಸಂದಿಯಲ್ಲಿ ತೂರಿಕೊಳ್ಳುತ್ತಾರೆ. ಹಿಂದೆ ಮೈಮೇಲೆ ದೇವರು ಬರುವ ಆಚರಣೆಯಲ್ಲಿದ್ದ ಈ ಹಾಡಿಕೆಗೆ 1930ರ ದಶಕದಲ್ಲಿ ರಾಮಾಯಣ ಸೇರಿಸಿ ನಾಟಕ ಮಾಡಿದರು. ಅದರಲ್ಲಿ ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರನ ಕೈಯೂ ಇತ್ತು. ಸಾವಿರಾರು ವರ್ಷದ ಕಲೆ ಅಂತ ಗೈಡ್ ಹೇಳಿದ್ದನ್ನು ಸುಮ್ನೆ ಕೇಳಿಸಿಕೊಂಡೆ ಅಷ್ಟೇ.

ಆಡುವವರು ಪಕ್ಕದ ಪೆಚಾಟು ಊರಿನವರು. ನಮ್ಮ ಕಾರಿನ ಡ್ರೈವರ್‌ದೂ ಅದೇ ಊರು. ನಮ್ಮನ್ನು ಇಳಿಸುವಾಗ, “ನನ್ನ ತಮ್ಮನೂ ಕೂತಿರ್ತಾನೆ, ಗಡ್ಡ ಬಿಟ್ಟವನು. ಹಗಲು ಹೋಟೆಲ್ ಅಡುಗೆಮನೆಯಲ್ಲಿ ಕೆಲಸ” ಅಂದ. ಅಲ್ಲಿಗೆ ನನ್ನ ರಾಮಾಯಣ ಮುಗಿಯಿತು. ರಾಮನೂ ಬೇಡ, ಸೀತೆಯೂ ಬೇಡ, ಗಡ್ಡ ಹುಡುಕುತ್ತಾ ಕೂತೆ. ಸಿಕ್ಕ. ಎಲ್ಲರೂ ಕೈ ಮೇಲೆತ್ತಿ ಬೆರಳು ನಡುಗಿಸುವಾಗ ಪಕ್ಕದವನ ಮೊಣಕೈ ಅವನ ಮೂಗಿಗೆ ತಗುಲಿತು. ತಾಳ ಬಿಡದೆ, ಬಾಯಲ್ಲಿ ‘ಚಕ್ ಚಕ್’ ನಿಲ್ಲಿಸದೆ, ಕಣ್ಣಲ್ಲೇ ನಕ್ಕ.

ಊರಿನವರು ಆಡುವ ನಾಟಕದ ಮಜಾ ಇರೋದೇ ಅಲ್ಲಿ, ನನ್ನ ಪ್ರಕಾರ. ವೇಷದ ಒಳಗಿರುವವನು ಯಾರು ಅಂತ ಗೊತ್ತಿರಬೇಕು. ಬೆಂಗಳೂರಿನ ರಂಗಶಂಕರ ನಾಟಕಮಂದಿರದಲ್ಲಿ ತಡವಾಗಿ ಹೋದವರನ್ನು ಒಳಗೆ ಬಿಡದಿದ್ದಾಗಲೂ ನಾನು ಗೊಣಗಿಲ್ಲ. ಆ ನಾಟಕದ ರುಚಿ ಬೇರೆ, ಅಲ್ಲಿ ನಟ ಮರೆತುಹೋಗಬೇಕು. ನಮ್ಮ ಕನಕಪುರ, ರಾಮನಗರ ಕಡೆಯ ಪೌರಾಣಿಕ ನಾಟಕದಲ್ಲಿ ನಟ ಮರೆತುಹೋದರೆ ನಷ್ಟ ಅವನಿಗೇ. ಯಾಕಂದರೆ ಪಾತ್ರಕ್ಕೆ ದುಡ್ಡು ಕಟ್ಟಿರುವವನು ಅವನು. ಕೃಷ್ಣನಿಗೆ, ದುರ್ಯೋಧನನಿಗೆ ಜಾಸ್ತಿ, ಸಣ್ಣಪುಟ್ಟ ಪಾತ್ರಕ್ಕೆ ಕಡಿಮೆ. ಸೀನರಿ, ಲೈಟು, ಹಾರ್ಮೋನಿಯಂ ಮೇಷ್ಟ್ರು ಎಲ್ಲದಕ್ಕೂ ಅದೇ ದುಡ್ಡು. ಇಂಥ ತಂಡಗಳು ಬೆಂಗಳೂರಿಗೆ ಬಂದು ರವೀಂದ್ರ ಕಲಾಕ್ಷೇತ್ರದಲ್ಲೂ ಆಡುತ್ತವೆ. ನಮ್ಮ ಚಿಕ್ಕಪ್ಪ ಭೀಮನ ಪಾತ್ರಕ್ಕೆ ದುಡ್ಡು ಕಟ್ಟಿ, ಆಮೇಲೆ ಬಹಳ ದಿನ ಚಿಕ್ಕಮ್ಮನ ಬಾಯಲ್ಲಿ ಮಹಾಭಾರತ ಕೇಳಿದರು.

ಬೆಂಗಳೂರಿನ ಶ್ರೀನಗರದಲ್ಲಿ ನಮ್ಮ ಬೀದಿಯ ಹುಡುಗರು ಗಣೇಶನ ಮುಂದೆ ಆರ್ಕೆಸ್ಟ್ರಾ ಇಡಿಸುವುದು ರೂಢಿ. ಈ ಸಲ ಕಲೆಕ್ಷನ್ ಕಡಿಮೆ. ನಾನು ಮೊಬೈಲಿನಲ್ಲಿ ಉಲುವಾಟು ವಿಡಿಯೊ ತೋರಿಸಿದೆ. “ವಾದ್ಯದವರೇ ಬೇಡ್ವಾ? ಹಾಗಾದ್ರೆ ಇದನ್ನೇ ಮಾಡೋಣ” ಅಂದರು ಖಜಾಂಚಿ. ಕಲೆಯ ಮೇಲೆ ಪ್ರೀತಿ ಏನಿಲ್ಲ, ಉಳಿಯುವ ದುಡ್ಡಿನ ಮೇಲೆ.

ಅಶೋಕವನದ ದೃಶ್ಯ ಅಂತಾಯ್ತು. ಹಿಟ್ಟಿನ ಗಿರಣಿ ಅಂಕಲ್ ರಾವಣ. ಮಾತನ್ನು ಚೀಟಿಯಲ್ಲಿ ಬರೆದು ಗಿರಣಿ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದರು. ರಾಗಿ ಬೀಸಿಸಲು ಹೋದವರಿಗೆಲ್ಲ ಮೋಟರಿನ ಸದ್ದಿನ ಮೇಲೆ “ಎಲೈ ಜಾನಕಿ, ನನ್ನ ಐಶ್ವರ್ಯವನ್ನು ನೋಡು!” ಅನ್ನುವ ಕೂಗು ಕೇಳುತ್ತಿತ್ತು. ಎದುರು ಮನೆ ಅಜ್ಜಿ ಒಂದು ದಿನ, “ಐಶ್ವರ್ಯ ಆಮೇಲೆ ನೋಡೋಣಪ್ಪ, ಹಿಟ್ಟು ನುಣ್ಣಗೆ ಬೀಸು” ಅಂದರಂತೆ.

‘ಚಕ್ ಚಕ್’ ಗುಂಪಿನಲ್ಲಿ ಆಟೋ ಓಡಿಸುವವರು, ಇಸ್ತ್ರಿ ಅಂಗಡಿಯವರು, ಐಟಿ ಹುಡುಗರು, ನಾನು. ಬರೀ ಮೈಯಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಬಿಳಿ ಬನಿಯನ್, ನೀಲಿ ಚೌಕುಳಿ ಲುಂಗಿ. ತಾಲೀಮು ಗಿರಣಿಯ ಟೆರೇಸ್ ಮೇಲೆ. ತಾಳ ಹಿಡಿಯುವ ಕೆಲಸ ಇಸ್ತ್ರಿಯವರದ್ದು. ಅವರ ಲಯ ಒಂದು ಚೂರೂ ಆಚೀಚೆ ಆಗುತ್ತಿರಲಿಲ್ಲ. ಐಟಿ ಹುಡುಗರು ಮಾತ್ರ ಪ್ರತಿ ಸಲವೂ ಮುಂದೆ ಓಡಿಬಿಡುತ್ತಿದ್ದರು.

ನಾಟಕದ ದಿನ ಮಂಗಳಾರತಿ, ಪ್ರಸಾದ ಎಲ್ಲ ಮುಗಿದು ಶುರುವಾಗುವಾಗ 9 ದಾಟಿತ್ತು. ರಾವಣ ಶಾಮಿಯಾನದ ಪರದೆ ಸರಿಸಿ ಗತ್ತಿನಿಂದ ಬಂದ. ಮುಂದೆ ಕೂತಿದ್ದ ಮಕ್ಕಳು ಒಟ್ಟಿಗೆ “ಗಿರಣಿ ಅಂಕಲ್!” ಅಂತ ಕೂಗಿದವು. ಅಂಕಲ್ ಒಂದು ಕ್ಷಣ ಗತ್ತು ಬಿಟ್ಟು ಕೈ ಬೀಸಿ, ಮತ್ತೆ ರಾವಣ ಆದರು. ಸೆಖೆಗೆ ಅಂಟಿಸಿದ ಮೀಸೆ ಒಂದು ಕಡೆ ಬಿಟ್ಟುಕೊಂಡಿತು. ಅದನ್ನು ಬೆರಳಲ್ಲಿ ಒತ್ತಿ ಹಿಡಿದೇ ಮಾತಾಡಿದರು. ನೋಡುವವರಿಗೆ ರಾವಣ ಏನೋ ಭಾರಿ ಯೋಚನೆಯಲ್ಲಿದ್ದಾನೆ ಅನ್ನಿಸಿತು.

ಆಮೇಲೆ ಮಾತು ನಿಂತೇ ಹೋಯಿತು. ನಾವು ‘ಚಕ್ ಚಕ್’ ಜೋರು ಮಾಡಿದೆವು. ಮೊದಲ ಸಾಲಿನಲ್ಲಿದ್ದ ಅವರ ಹೆಂಡತಿಗೆ ಅಷ್ಟು ದಿನ ಕೇಳಿ ಕೇಳಿ ಎಲ್ಲ ಬಾಯಿಪಾಠ. ಕುರ್ಚಿಯಿಂದ ಅರ್ಧ ಎದ್ದು, “ಚಂದ್ರಹಾಸ ತೆಗೀರಿ! ಚಂದ್ರಹಾಸ!” ಅಂದರು. ರಾವಣ “ಹ್ಞೂಂ ಕಣೇ” ಅಂದು ಕತ್ತಿ ಎಳೆದ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಸೀತೆಗೆ ನಗು ತಡೆಯಲಾಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸಿದಳು. ಎದುರು ಮನೆ ಅಜ್ಜಿ ಮಾತ್ರ, “ಪಾಪ, ಎಷ್ಟು ಚೆನ್ನಾಗಿ ಅಳ್ತಾಳೆ ನೋಡು” ಅಂದರು.

10 ಗಂಟೆಗೆ ಮೈಕ್ ಆಫ್ ಮಾಡಲೇಬೇಕು, ರೂಲ್ಸು. ಹನುಮಂತನ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುವುದು ಇನ್ನೂ ಬಾಕಿ ಇತ್ತು. ಬೀಟ್ ಪೊಲೀಸಪ್ಪ ಬೈಕ್ ನಿಲ್ಲಿಸಿ ಗಡಿಯಾರ ತೋರಿಸಿದ. ಮೈಕ್ ಆರಿಸಿದೆವು. ಬಾಯಿಗೆ ಕರೆಂಟ್ ಬೇಕಿಲ್ಲವಲ್ಲ, ಲಂಕೆ ಸುಡುವವರೆಗೂ ಮೆಲ್ಲಗೆ ‘ಚಕ್ ಚಕ್’ ಅಂದೆವು. ಅವನೂ ಬೈಕ್ ಮೇಲೆ ಕೂತೇ ಪೂರ್ತಿ ನೋಡಿ ಹೋದ.

ಚೇರ್ ಜೋಡಿಸುವಾಗ ಇಸ್ತ್ರಿಯವರು ಖಜಾಂಚಿ ಹತ್ತಿರ ಬಂದು ನಿಂತರು. “ಮುಂದಿನ ವರ್ಷ ಕುರುಕ್ಷೇತ್ರ ಮಾಡಿ ಸಾರ್. ದುರ್ಯೋಧನ ನಂಗೇ ಕೊಡಬೇಕು, 5,000 ಕಟ್ತೀನಿ.”

ಗಿರಣಿ ಅಂಕಲ್ ಕಿರೀಟ ಕಂಕುಳಲ್ಲಿ ಇಟ್ಟುಕೊಂಡೇ ತಿರುಗಿದರು. “ನಾನು 6,000.”

ಖಜಾಂಚಿ ಆಗಲೇ ಜೇಬಿನಿಂದ ರಸೀದಿ ಪುಸ್ತಕ ತೆಗೆದಿದ್ದರು.