ರೆಂಟನ್: ನೆಲಕ್ಕೆ ಹತ್ತಿರದ ವಿಮಾನದ ಊರು

ಸಿಯಾಟಲ್‌ಗೆ ಬಂದವರು ಬೋಯಿಂಗ್ ಕಾರ್ಖಾನೆ ನೋಡಲು ಉತ್ತರದ ಎವರೆಟ್‌ಗೆ ಹೋಗುವುದೇ ರೂಢಿ. ಅಲ್ಲಿ ಟಿಕೆಟ್ ಕೊಂಡರೆ ಒಳಗೆ ಬಿಡುತ್ತಾರೆ. ಬೋಯಿಂಗ್‌ನ 737 ಪ್ರಯಾಣಿಕ ವಿಮಾನದ ಬೆನ್ನು ಹತ್ತುವುದಾದರೆ, ಅದನ್ನು ಜೋಡಿಸುವ ರೆಂಟನ್ ಕಡೆಗೆ ದಕ್ಷಿಣದ ದಾರಿ ಹಿಡಿಯಬೇಕು.

ಮೊದಲು ಬೋಯಿಂಗ್ ಫೀಲ್ಡ್ ಪಕ್ಕದ ಮ್ಯೂಸಿಯಂ ಆಫ್ ಫ್ಲೈಟ್. 1967ರ ಏಪ್ರಿಲ್ 9ರಂದು ಇದೇ ನಿಲ್ದಾಣದಿಂದ ಮೊದಲ ಬಾರಿ ಹಾರಿದ 737 ಇಲ್ಲಿದೆ. ಸುಮ್ಮನೆ ಸುತ್ತು ಹಾಕದೆ ಹೊಟ್ಟೆಯ ಕಡೆ ಬಗ್ಗಿ ನೋಡಿ. ಮುಖ್ಯ ಚಕ್ರಗಳ ಗುಂಡಿಗೆ ಪೂರ್ತಿ ಬಾಗಿಲಿಲ್ಲ. ಹಾರುವಾಗ ಟೈರಿನ ಹೊರಮೈ ಬಯಲಿಗೇ ಇರುತ್ತದೆ. ಸಿಗಾರ್‌ನಂಥ ಸಪೂರ ಜೆಟಿ8ಡಿ ಇಂಜಿನ್ ರೆಕ್ಕೆಯಡಿಗೇ ಅಂಟಿಕೊಂಡಿದೆ. ಸಣ್ಣ ನಿಲ್ದಾಣಗಳಲ್ಲಿ ಯಂತ್ರಗಳ ಹಂಗಿಲ್ಲದೆ ಸಾಮಾನು ತುಂಬಲಿ ಎಂದು ವಿಮಾನವನ್ನು ಇಷ್ಟು ತಗ್ಗಿಸಿದ್ದು. ಮುಂದಿನ ತಾಪತ್ರಯಗಳ ಬೇರೂ ಈ ತಗ್ಗಿನಲ್ಲೇ.

ರೆಂಟನ್ ಇರುವುದು ವಾಷಿಂಗ್ಟನ್ ಸರೋವರದ ದಕ್ಷಿಣ ತುದಿಯಲ್ಲಿ. ಕಾರ್ಖಾನೆಯೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಆದರೆ ಸೀಡರ್ ನದಿ ದಂಡೆಯ ಕಾಲುದಾರಿ ಎಲ್ಲರದು. ನದಿಯ ಪೂರ್ವಕ್ಕೆ ಕಾರ್ಖಾನೆ, ಪಶ್ಚಿಮಕ್ಕೆ ರನ್‌ವೇ. ಜೋಡಣೆ ಮುಗಿದ ವಿಮಾನವನ್ನು ಸೇತುವೆ ಮೇಲೆ ಎಳೆದು ದಾಟಿಸುತ್ತಾರೆ. ಬೆಳಿಗ್ಗೆಯೇ ಹೋಗಿ, ಬಿಸಿಲು ಬೆನ್ನಿಗಿರುವುದರಿಂದ ಫೋಟೊ ಚೆನ್ನಾಗಿ ಬರುತ್ತದೆ. ಹಸಿರು ಬಣ್ಣದ ಒಡಲುಗಳು ಕ್ಯಾನ್ಸಸ್‌ನ ವಿಚಿಟಾದಿಂದ ರೈಲಿನಲ್ಲಿ ಬರುತ್ತವೆ. 2014ರ ಜುಲೈನಲ್ಲಿ ಮೊಂಟಾನಾದಲ್ಲಿ ರೈಲು ಹಳಿ ತಪ್ಪಿ ಮೂರು ಒಡಲು ನದಿಗೆ ಜಾರಿದ್ದವು.

ರನ್‌ವೇ ಸುಮಾರು 1,640 ಮೀಟರ್ ಅಷ್ಟೆ. ಖಾಲಿ ವಿಮಾನ ಕಡಿಮೆ ಇಂಧನದಲ್ಲಿ ಏಳಲು ಅಷ್ಟು ಧಾರಾಳ ಸಾಕು. ಇಲ್ಲಿಂದ ಎದ್ದದ್ದು ಸಾಮಾನ್ಯವಾಗಿ ಇಳಿಯುವುದು ಬೇರೆ ನಿಲ್ದಾಣದಲ್ಲಿ.

ಬೇಲಿಯಾಚೆ ನಿಂತ ಮ್ಯಾಕ್ಸ್‌ನ, ಅಂದರೆ 737ರ ಹೊಸ ತಲೆಮಾರಿನ ವಿಮಾನದ, ಇಂಜಿನ್ ಗಮನಿಸಿ. 1980ರ ದಶಕದ 737-300ಕ್ಕೆ ಸುಮಾರು 152 ಸೆಂ.ಮೀ. ಅಡ್ಡಳತೆಯ ಫ್ಯಾನ್ (ಇಂಜಿನ್ ಮುಂಭಾಗದ ದೊಡ್ಡ ಪಂಖ) ಇರುವ ಇಂಜಿನ್ ಕೂರಿಸುವಾಗಲೇ ನೆಲ ಅಡ್ಡ ಬಂದಿತ್ತು. ಇಂಜಿನ್ ಬುಡದ ಬಿಡಿಭಾಗಗಳನ್ನು ಪಕ್ಕಕ್ಕೆ ಸರಿಸಿ ಕವಚದ ತಳ ಚಪ್ಪಟೆ ಮಾಡಿದರು. ಮ್ಯಾಕ್ಸ್‌ನ ಫ್ಯಾನ್ ಸುಮಾರು 176 ಸೆಂ.ಮೀ. ಈ ಸಲ ಮೂಗಿನ ಚಕ್ರದ ಕಾಲನ್ನು 20 ಸೆಂ.ಮೀ. ಉದ್ದ ಮಾಡಿ, ಇಂಜಿನ್ ಅನ್ನು ಮುಂದಕ್ಕೂ ಮೇಲಕ್ಕೂ ತಳ್ಳಿದರು. ಅದರಿಂದ ಮೂಗು ಹೆಚ್ಚು ಎತ್ತಿದ ಸ್ಥಿತಿಯಲ್ಲಿ ವಿಮಾನದ ವರ್ತನೆ ಬದಲಾಯಿತು. ಸರಿದೂಗಿಸಲು ಎಂಕ್ಯಾಸ್ ಎಂಬ ತಂತ್ರಾಂಶ ಬಂತು. ಒಂದೇ ಸಂವೇದಕವನ್ನು ನಂಬುವಂತೆ ಅದನ್ನು ಮಾಡಿದ್ದು ಅಕ್ಷಮ್ಯ. ತಪ್ಪು ಸಂಕೇತಕ್ಕೆ ಅದು ಮೂಗನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿತು. 2018 ಮತ್ತು 2019ರ ಎರಡು ದುರಂತಗಳಲ್ಲಿ 346 ಜನ ಸತ್ತರು.

ಇನ್ನೂ ಉದ್ದದ ಮ್ಯಾಕ್ಸ್ 10 ಕಂಡರೆ ಮುಖ್ಯ ಚಕ್ರದ ಕಾಲಿನ ಮೇಲೆ ಕಣ್ಣಿಡಿ. ಏಳುವಾಗ ಬಾಲ ನೆಲಕ್ಕೆ ತಾಗದಂತೆ ಆ ಕಾಲು ಸನ್ನೆಕೋಲಿನ ಜೋಡಣೆಯಿಂದ ಸುಮಾರು 24 ಸೆಂ.ಮೀ. ಚಾಚುತ್ತದೆ, ಹಾರಿದ ಮೇಲೆ ಕುಗ್ಗಿ ಹಳೆಯ ಅಳತೆಯ ಗುಂಡಿಯೊಳಗೇ ಕೂರುತ್ತದೆ.